ಬೆಂಚಿನಲ್ಲಿ ಸಿಕ್ಕಿಕೊಂಡ ಡ್ರಿಲ್ ಮೇಷ್ಟ್ರು

ನಮ್ಮ ಶಾಲೆಯ ದೊಡ್ಡ ಮೇಡಂಗೆ ಹೊಸದೊಂದು ಹುಚ್ಚು ಹತ್ತಿತು. ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಮಕ್ಕಳ ಬೆಂಚಿನಲ್ಲೇ ಕೂರಬೇಕು, ತೆಪ್ಪಗಿರಬೇಕು, ಏನಾದರೂ ಕೇಳುವುದಿದ್ದರೆ ಮಕ್ಕಳ ಹಾಗೆ ಕೈ ಎತ್ತಬೇಕು. ಇದರಿಂದ ಕಲಿಕೆ ಸುಧಾರಿಸುತ್ತದಂತೆ. ಕೇಳಿದೊಡನೆ ನನಗೆ ಮೈ ಉರಿಯಿತು. ಏಳನೇ ತರಗತಿಗೆ ಲೆಕ್ಕ ಹೇಳಿಕೊಡುವವಳು ನಾನು, ಮತ್ತು ಭಿನ್ನರಾಶಿಯ ಪರೀಕ್ಷೆಯಲ್ಲಿ ನನ್ನ ಇಡೀ ತರಗತಿ ಮಕಾಡೆ ಮಲಗಿತ್ತು. ಹಾಗಾಗಿ ಮೊದಲ ಬಲಿ ನಾನೇ.

"ಈ ಸಲವೂ ಮಕ್ಕಳ ತಲೆಗೆ ಹತ್ತಲಿಲ್ಲ ಅಂದ್ರೆ ಆ ಕ್ಲಾಸನ್ನ ಸೈನ್ಸ್ ಟೀಚರ್‌ಗೆ ಕೊಡ್ತೀನಿ," ಎಂದರು ದೊಡ್ಡ ಮೇಡಂ.

ಸೈನ್ಸ್ ಟೀಚರ್ ಎಂದರೆ ಬೇರೆ ಯಾರೂ ಅಲ್ಲ, ನನ್ನ ನಾದಿನಿ, ಗಂಡನ ಒಡಹುಟ್ಟಿದ ತಂಗಿ. ಮನೆಯಲ್ಲಿ ಟಿವಿ ರಿಮೋಟು ಅವಳದು, ಕಿಟಕಿ ಪಕ್ಕದ ಕುರ್ಚಿಯೂ ಅವಳದೇ. ಇನ್ನು ನನ್ನ ತರಗತಿಯೂ ಅವಳ ಪಾಲಾದರೆ ಯಾವ ಮುಖ ಹೊತ್ತುಕೊಂಡು ಅವಳ ಎದುರು ಊಟಕ್ಕೆ ಕೂರಲಿ?

ನನ್ನ ಪಾಠ ನೋಡಲು ಬಂದವರು ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಹೆಗಲ ಮೇಲೆ ಉದ್ದನೆಯ ಹಗ್ಗ, ಮೈದಾನದಿಂದ ನೇರ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಆಳು ಬಾಗಿಲಿನಷ್ಟು ಅಗಲ. ನಮ್ಮ ಬೆಂಚುಗಳೋ ಮೇಜಿಗೇ ಸ್ಕ್ರೂ ಹಾಕಿ ಜೋಡಿಸಿದವು. ಅವರು ಉಸಿರು ಒಳಗೆಳೆದುಕೊಂಡು ಹೇಗೋ ಕಡೆಯ ಬೆಂಚಿನೊಳಗೆ ತೂರಿ ಕೂತರು.

ನಾನು ಚೆನ್ನಾಗಿಯೇ ಪಾಠ ಮಾಡಿದೆ. ಕೊನೆಗೆ "ಅರ್ಥ ಆಯ್ತಾ?" ಎಂದೆ. "ಆಯ್ತು ಮಿಸ್," ಎಂದು ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಡ್ರಿಲ್ ಮೇಷ್ಟ್ರು ಎದ್ದರು. ಅವರ ಜೊತೆಗೆ ಬೆಂಚೂ ಎದ್ದಿತು, ಬೆಂಚಿನ ಮೇಲಿದ್ದ ಮಕ್ಕಳೂ ಎದ್ದರು. ಗಾಬರಿಯಾಗಿ ಮೇಷ್ಟ್ರು ಮತ್ತೆ ಕೂತುಬಿಟ್ಟರು.

ಎಳೆದೆವು, ತಳ್ಳಿದೆವು, ಏನೂ ಆಗಲಿಲ್ಲ. ಸ್ಕ್ರೂ ಬಿಚ್ಚಲು ವಾಚ್‌ಮ್ಯಾನ್‌ಗೆ ಹೇಳಿ ಕಳಿಸಿದೆ. ಮುಂದಿನ ಪೀರಿಯಡ್ಡು ನಾದಿನಿಯದು. ಅವಳು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಆಗ ಡ್ರಿಲ್ ಮೇಷ್ಟ್ರು ಮೆಲ್ಲಗೆ ಕೈ ಎತ್ತಿದರು.

"ಹೇಗೂ ಕೂತಿದೀನಲ್ಲ ಮೇಡಂ, ಒಂದು ಡೌಟು. ನಾಲ್ಕಕ್ಕಿಂತ ಎಂಟು ದೊಡ್ಡದು ತಾನೆ? ಹಾಗಿದ್ಮೇಲೆ ನಾಲ್ಕನೇ ಒಂದು ಭಾಗಕ್ಕಿಂತ ಎಂಟನೇ ಒಂದು ಭಾಗ ದೊಡ್ಡದಾಗಬೇಕಲ್ಲ?"

ನನಗೆ ನಗು ಉಕ್ಕಿ ಬಂತು. ಆದರೆ ಮಕ್ಕಳು ಒಬ್ಬರೂ ನಗಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ನಮಗೂ ಹಾಗೇ ಅನ್ಸತ್ತೆ ಮಿಸ್," ಎಂದಳು ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ.

"ಮತ್ತೆ ಯಾರೂ ಕೇಳ್ಲೇ ಇಲ್ವಲ್ಲ?"

"ಕೇಳಿದ್ರೆ ನೀವು ಬೈತೀರಲ್ಲ."

"ನನಗೂ ಅದೇ ಭಯ," ಎಂದರು ಡ್ರಿಲ್ ಮೇಷ್ಟ್ರು. "ಆದ್ರೆ ಈಗ ಓಡಿ ಹೋಗೋಕಂತೂ ಆಗಲ್ಲ, ಕೇಳಿಯೇ ಬಿಡೋಣ ಅನ್ನಿಸ್ತು."

ನಾನು ಇಂಗು ತಿಂದ ಮಂಗನಂತೆ ನಿಂತೆ. ಇಷ್ಟು ದಿನ ಗೋಡೆಗೆ ಪಾಠ ಹೇಳಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದನ್ನು ನಾದಿನಿ ಕಿವಿಯಾರೆ ಕೇಳಿಸಿಕೊಂಡಳಲ್ಲ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅವಳು ಒಳಗೆ ಬಂದಳು. ಮುಗಿಯಿತು ಕಥೆ ಅಂದುಕೊಂಡೆ. ಅವಳು ಡ್ರಿಲ್ ಮೇಷ್ಟ್ರ ಹೆಗಲಿನ ಹಗ್ಗ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟಳು.

"ಅತ್ತಿಗೆ, ಇದನ್ನ ಹಿಡ್ಕೊಳ್ಳಿ."

ಹಗ್ಗವನ್ನು ನಾಲ್ಕು ಸಮಪಾಲಾಗಿ ಮಡಿಸಿ ತೋರಿಸಿದೆವು. ಆಮೇಲೆ ಎಂಟು. ಎರಡು ಜಡೆಯ ಹುಡುಗಿ ಮಡಿಕೆಯನ್ನು ಡ್ರಿಲ್ ಮೇಷ್ಟ್ರ ಮೂಗಿನ ಹತ್ತಿರ ಹಿಡಿದು, "ನೋಡಿ ಸಾರ್, ಹಂಚಿಕೊಳ್ಳೋರು ಜಾಸ್ತಿ ಆದಷ್ಟೂ ನಿಮ್ಮ ಪಾಲು ಚಿಕ್ಕದಾಗತ್ತೆ," ಎಂದಳು. ಅವರು ಇನ್ನೊಮ್ಮೆ ಹೇಳು ಎಂದರು. ಪಕ್ಕದವನು ಹೇಳಿದ. ಮತ್ತೊಮ್ಮೆ ಎಂದರು. ಈಗ ಇಡೀ ತರಗತಿ ಅವರ ಮೇಲೆ ಮುಗಿಬಿದ್ದು ಹೇಳಿಕೊಡತೊಡಗಿತು.

ಗಲಾಟೆ ಕೇಳಿ ದೊಡ್ಡ ಮೇಡಂ ಬಂದರು. ಬೆಂಚಿನ ಕೆಳಗೆ ವಾಚ್‌ಮ್ಯಾನ್, ಬೆಂಚಿನಲ್ಲಿ ಡ್ರಿಲ್ ಮೇಷ್ಟ್ರು, ಬೆಂಚಿನ ಮೇಲೆ ಮಕ್ಕಳು, ಹಗ್ಗದ ಎರಡು ತುದಿಗೆ ಅತ್ತಿಗೆ ನಾದಿನಿ. ಮೇಡಂ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಐದನೇ ಒಂದು ದೊಡ್ಡದೋ, ಆರನೇ ಒಂದು ದೊಡ್ಡದೋ?"

"ಐದನೇ ಒಂದು," ಎಂದಿತು ತರಗತಿ. ಎಲ್ಲರಿಗಿಂತ ಜೋರಾಗಿ, ಶಿಸ್ತಾಗಿ ಕೈ ಎತ್ತಿ ಹೇಳಿದವರು ಡ್ರಿಲ್ ಮೇಷ್ಟ್ರು.

ದೊಡ್ಡ ಮೇಡಂ ನಾದಿನಿಯ ಕಡೆ ತಿರುಗಿದರು. "ಹಗ್ಗ ನಿಮ್ಮ ಉಪಾಯ ತಾನೆ? ಹಾಗಿದ್ರೆ ಈ ಕ್ಲಾಸು ನೀವೇ ತಗೊಳ್ತೀರಾ?"

ನಾನು ಹಗ್ಗದ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಬೇಡ ಮೇಡಂ," ಎಂದಳು ನಾದಿನಿ. "ನನ್ನ ಪಾಠದಲ್ಲೂ ಇವ್ರೆಲ್ಲ 'ಆಯ್ತು ಮಿಸ್' ಅಂತಾನೇ ಅಂತಾರೆ. ನಂಗೀಗ ಅದೇ ಭಯ ಶುರುವಾಗಿದೆ."

ಕಡೆಯ ಸ್ಕ್ರೂ ಬಿಚ್ಚಿದ ಮೇಲೆ ಡ್ರಿಲ್ ಮೇಷ್ಟ್ರು ಹೊರಬಂದರು, ತರಗತಿ ನನಗೇ ಉಳಿಯಿತು. ಸಂಜೆ ಮನೆಗೆ ನಡೆದು ಹೋಗುವಾಗ ನಾನೇ ನಾದಿನಿಯ ಹತ್ತಿರ ಮಾತು ತೆಗೆದೆ.

"ನಾಳೆ ನನ್ನ ಪಾಠಕ್ಕೆ ಬಂದು ಕೂತ್ಕೋ. ಅರ್ಥ ಆಗ್ದಿದ್ರೆ ಕೈ ಎತ್ತಿ ಕೇಳು."

"ಅರ್ಥ ಆದ್ರೆ, ಅತ್ತಿಗೆ?"

"ಆದ್ರೂ ಕೇಳು," ಎಂದೆ. "ನಾನು ಬೈಯಲ್ಲ ಅಂತ ಮಕ್ಕಳಿಗೆ ಗೊತ್ತಾಗ್ಲಿ."