ನೇಮದ ಮಾತ್ರೆ

ಮಾತ್ರೆಯ ಹಾಳೆಗಳನ್ನು ಲೋಕನಾಥ ಎರಡು ಬೆರಳಿನ ತುದಿಯಲ್ಲಿ, ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಹಿಡಿದು ತಂದು ಊಟದ ಮೇಜಿನ ಮೇಲೆ ಹಾಕಿದ. ಆಮೇಲೆ ಸುತ್ತ ಕೂತಿದ್ದ ಹೆಂಗಸರಲ್ಲಿ ಯಾರ ಮುಖವನ್ನೂ ನೋಡದೆ ಗೋಡೆಯ ಗಡಿಯಾರಕ್ಕೆ ಹೇಳಿದ.

"ಬರುವ ಗುರುವಾರ ನೇಮ. ಇವತ್ತಿನಿಂದಲೇ ಶುರು ಮಾಡಿ. ಮತ್ತೆ ಆ ದಿನ ಯಾರದ್ದೂ ರಗಳೆ ಬೇಡ."

ಗಡಿಯಾರ ಒಪ್ಪಿಕೊಂಡಿತು. ಲೋಕನಾಥ ಸಾಬೂನು ಹಾಕಿ ಚೆನ್ನಾಗಿ ಕೈ ತೊಳೆದುಕೊಂಡ.

ಪುತ್ತಿಗೆಯ ಈ ಮನೆಯಲ್ಲಿ ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ನೇಮ, ಅಂದರೆ ಭೂತದ ಕೋಲ. ಆ ದಿನ ಮುಟ್ಟಾದ ಹೆಂಗಸು ಮನೆಯೊಳಗಿರಲಿ, ಅಂಗಳದಲ್ಲೂ ನಿಲ್ಲುವ ಹಾಗಿಲ್ಲ. ಜಾಗದ ಗಡಿ ದಾಟಿ ನೆಂಟರ ಮನೆಗೆ ಹೋಗಬೇಕು. ಎಲ್ಲರೂ ಹಾಗೆ ಹೋದರೆ ಬಂದವರಿಗೆ ಬೇಯಿಸಿ ಹಾಕುವವರು ಯಾರು? ಹಳೆಯ ಯಜಮಾನರಿಗೆ ಇದು ಬಗೆಹರಿಯದ ತಲೆನೋವಾಗಿತ್ತು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಲೋಕನಾಥ ಯಜಮಾನನಾದ ಮೇಲೆ ಮೆಡಿಕಲ್ಲಿನಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿ ಸಮಸ್ಯೆಯನ್ನು ಮುಗಿಸಿಬಿಟ್ಟ. ಯಾರಿಗೆ ಯಾವಾಗ ದಿನ ಎಂದು ಕೇಳುವ ಪದ್ಧತಿ ಇರಲಿಲ್ಲ. ಕೇಳುವುದು ಅಸಹ್ಯ. ಹಂಚುವುದು ಅಸಹ್ಯವಲ್ಲ.

ಅವನ ತಂಗಿ ನೀಲಾವತಿಗೆ ನಗು ಬರುತ್ತಿದ್ದುದು ಇಂಥದಕ್ಕೇ. ಅವರದು ಅಳಿಯಸಂತಾನದ ಕುಟುಂಬ. ಈ ಮನೆ ಮುಂದುವರಿಯುವುದೇ ಹೆಣ್ಣಿನ ಹೊಟ್ಟೆಯಿಂದ, ಲೋಕನಾಥನ ಮಕ್ಕಳಿಗೆ ಇಲ್ಲಿ ಏನೂ ಇಲ್ಲ. ಅದನ್ನು ಅವನು ಸಭೆಗಳಲ್ಲಿ, ಶಾಲು ಹೊದಿಸಿಕೊಂಡ ಮೇಲೆ, "ನಮ್ಮಲ್ಲಿ ಹೆಣ್ಣಿಗೇ ಮೊದಲ ಸ್ಥಾನ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಆ ಮೊದಲ ಸ್ಥಾನದವಳು ಆರು ತಿಂಗಳಿನಿಂದ ನಿಲ್ಲದೆ ರಕ್ತ ಹೋಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಮಸ್ಕತ್ತಿನಲ್ಲಿದ್ದ ಗಂಡನಿಗೆ ಫೋನಿನಲ್ಲಿ ಹೇಳಿದರೆ, "ಭಾವ ಹೇಳಿದ ಹಾಗೆ ಮಾಡು" ಎನ್ನುತ್ತಿದ್ದ. ಭಾವ ಹೇಳಿದ್ದು ಅದೇ ಮಾತ್ರೆಯನ್ನು.

"ನೇಮಕ್ಕೆ ನಿಲ್ಲಿಸ್ತದಲ್ಲ? ಹಾಗೆಯೇ ಇದನ್ನೂ ನಿಲ್ಲಿಸ್ತದೆ. ದಿನಾ ತಿಂದ್ರಾಯ್ತು."

ಹೀಗೆ ಲೋಕನಾಥ ಡಾಕ್ಟರೂ ಆದ. ಮಾತ್ರೆ ತಿಂದಷ್ಟು ದಿನ ರಕ್ತ ಅಡಗಿ ಕೂರುತ್ತಿತ್ತು, ಬಿಟ್ಟ ನಾಲ್ಕಾರು ದಿನದಲ್ಲಿ ಇಮ್ಮಡಿಯಾಗಿ ಬರುತ್ತಿತ್ತು. ಕೊನೆಗೆ ಕಾಲೇಜಿಗೆ ಹೋಗುವ ಮಗಳು ಸಾತ್ವಿಕಾ ಹಟ ಹಿಡಿದು ತಾಯಿಯನ್ನು ಮೂಡುಬಿದಿರೆಯ ಆಸ್ಪತ್ರೆಗೆ ಹೊರಡಿಸಿದಳು. ಕಾರು ತನ್ನದೆಂದು ಲೋಕನಾಥನೂ ಬಂದ. ಬಂದವನು ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ತಾನೇ ಕೂತ.

"ಎಷ್ಟು ಸಮಯದಿಂದ ಹೀಗೆ ಹೋಗ್ತಾ ಉಂಟು?" ಎಂದು ಡಾಕ್ಟರಮ್ಮ ಕೇಳಿದರು.

"ಅದು ಸ್ವಲ್ಪ ಉಷ್ಣದ್ದು, ಮೇಡಂ," ಎಂದ ಲೋಕನಾಥ.

"ಉಷ್ಣ ನಿಮಗಾ ಅವರಿಗಾ? ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ಅವನು ಹೊರಗೆ ಹೋದ ಮೇಲೆ ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು, ಮಾತ್ರೆಯ ಕಥೆ ಕೇಳಿ ಹಣೆ ಹಣೆ ಬಡಿದುಕೊಂಡರು. ಗರ್ಭಕೋಶದ ಒಳಪದರ ದಪ್ಪಗಾಗಿದೆ, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು ಎಂದರು.

"ಕ್ಯಾನ್ಸರಾ?" ಎಂದು ಕೇಳಿದವಳು ಸಾತ್ವಿಕಾ.

"ನೋಡದೆ ನಾನು ಹೇಳುವುದಿಲ್ಲ. ಅಲ್ಲ ಅಂತ ಸುಮ್ಮನೆ ಕೂರುವ ಹಾಗೂ ಇಲ್ಲ. ಅರಿವಳಿಕೆ ಕೊಡುವ ಡಾಕ್ಟ್ರು ಮಂಗಳೂರಿಂದ ಗುರುವಾರ ಮಾತ್ರ ಬರುವುದು. ಬರುವ ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಅದು ತಪ್ಪಿದ್ರೆ ಮತ್ತೆ ಒಂದು ತಿಂಗಳು ನಾನು ರಜೆ. ಜೊತೆಗೆ ಒಬ್ರು ಇರ್ಲೇಬೇಕು. ಆ ಮಾತ್ರೆ ಇನ್ನು ಮುಟ್ಟಬೇಡಿ."

ಕಾರಿನಲ್ಲಿ ನೀಲಾವತಿ ಗುರುವಾರದ ವಿಷಯ ಹೇಳಿದಳು. ಹೊರಗೆ ಕೂರಿಸಿದ ಅವಮಾನ ಲೋಕನಾಥನಿಗೆ ಇನ್ನೂ ಆರಿರಲಿಲ್ಲ. "ಗುರುವಾರ ಆಗುದಿಲ್ಲ" ಎಂದ.

"ಅಣ್ಣ, ಅವ್ರು ತಪ್ಪಿಸ್ಬೇಡಿ ಅಂದಿದ್ದಾರೆ."

"ಅವ್ರಿಗೆಂತ, ಹೇಳ್ತಾರೆ. ನೇಮದ ದಿನ ಮನೆಯ ಹೆಣ್ಣು ಹರಿವಾಣ ಹಿಡಿದು ನಿಲ್ಲದಿದ್ರೆ ನಾಲ್ಕು ಜನ ಎಂತ ಹೇಳಿಯಾರು? ದೈವದ ಕೆಲಸ ಮುಗೀಲಿ, ಮತ್ತೆ ನೋಡುವ. ನಿನ್ನನ್ನು ದೈವವೇ ನೋಡಿಕೊಳ್ತದೆ."

ಹೋದ ವರ್ಷ ಎದೆಯಲ್ಲಿ ಗ್ಯಾಸ್ ಸಿಕ್ಕಿಕೊಂಡಾಗ ಈ ಮಹಾನುಭಾವ ತನ್ನನ್ನು ದೈವಕ್ಕೆ ಒಪ್ಪಿಸಿರಲಿಲ್ಲ. ಅರ್ಧ ಊಟದಿಂದ ಎದ್ದು, ಆಂಬುಲೆನ್ಸ್ ತರಿಸಿ, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮಲಗಿ, ಎರಡು ತೇಗು ಬಂದ ಮೇಲೆ ಗುಣವಾಗಿ ಬಂದಿದ್ದ. ನೀಲಾವತಿಗೆ ಅದು ನೆನಪಾಯಿತು. ಹೇಳಿ ಏನು ಪ್ರಯೋಜನ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಮನೆ ತಲುಪುವ ಮೊದಲೇ ಅವನು ಆಸ್ಪತ್ರೆಗೆ ಫೋನ್ ಮಾಡಿ, ಗುರುವಾರ ಬರುವುದಿಲ್ಲ ಎಂದು ಹೇಳಿಯೂ ಆಯಿತು.

ಅದರ ಮರುದಿನವೇ ಅವನು ಊಟದ ಮೇಜಿಗೆ ಮಾತ್ರೆಯ ಹಾಳೆಗಳನ್ನು ತಂದು ಹಾಕಿದ್ದು. ನೀಲಾವತಿ ತನ್ನ ಪಾಲಿನದನ್ನು ಎಲ್ಲರ ಎದುರೇ ತೆಗೆದುಕೊಂಡಳು. ದಿನಾ ರಾತ್ರಿ ಒಂದೊಂದು ಬಿಡಿಸಿ ಬಚ್ಚಲಿಗೆ ಹಾಕಿ ನೀರು ಬಿಟ್ಟಳು. ಒಮ್ಮೆ ಸಾತ್ವಿಕಾ ಅದನ್ನು ನೋಡಿದಳು. ತಾನೂ ಇನ್ನೊಂದು ಚೆಂಬು ನೀರು ಹೊಯ್ದಳು.

ಆದರೆ ಆರು ತಿಂಗಳು ಬೇಡವೆಂದರೂ ಬಂದ ರಕ್ತ, ಗುರುವಾರ ಮನೆಯ ಗಡಿ ದಾಟಲು ಬೇಕೆಂದಾಗ ಸುಳಿವೇ ಇಲ್ಲ. ಸೋಮವಾರ ಇಲ್ಲ, ಮಂಗಳವಾರವೂ ಇಲ್ಲ. ಸುಮ್ಮನೆ ಸುಳ್ಳು ಹೇಳಿ ಹೊರಬೀಳಬಹುದಿತ್ತು; ದೈವದ ಹೆಸರಿನಲ್ಲಿ ಸುಳ್ಳಾಡಲು ಅವಳಿಗೆ ಬಾಯಿ ಬರಲಿಲ್ಲ. ಅಣ್ಣನ ಮೇಲೆ ಎಷ್ಟು ತಿರಸ್ಕಾರವಿದ್ದರೂ ದೈವದ ಮೇಲೆ ಅವಳಿಗೆ ಭಕ್ತಿಯೇ ಇತ್ತು. ದೇವರ ಕೋಣೆಯಲ್ಲಿ ದೀಪ ಹಚ್ಚುವಾಗ, ಯಾವ ಹೆಂಗಸೂ ಕೇಳಿರಲಾರದ್ದನ್ನು ಕೇಳಿಕೊಂಡಳು. ಗುರುವಾರ ಬೆಳಿಗ್ಗೆ ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವಾಗ ಕಾಲ ಮೇಲೆ ಕೆಂಪಗೆ ಇಳಿದದ್ದನ್ನು ಕಂಡು ಅವಳಿಗೆ ಅಳು ಬಂತು. ಸಂತೋಷದ್ದೇ ಅಳು.

ಬಟ್ಟೆ ಉಟ್ಟು ಅವಳು ನೇರ ಚಾವಡಿಯ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ಗಣಹೋಮ ನಡೆಯುತ್ತಿತ್ತು. ಕುಟುಂಬದ ಗಂಡಸರೆಲ್ಲ ರೇಷ್ಮೆಯ ಪಂಚೆ ಉಟ್ಟು, ಬರಿಮೈಯಲ್ಲಿ ಹೊಟ್ಟೆಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ವಾರದಿಂದ ಮೀನು ಬಿಟ್ಟ ಸಂಕಟ ಎಲ್ಲರ ಮುಖದಲ್ಲೂ ಭಕ್ತಿಯ ಹಾಗೆ ಕಾಣುತ್ತಿತ್ತು. ಹೆಂಗಸರು ಇಂಥದನ್ನು ಅಡುಗೆಮನೆಯಲ್ಲಿ ಒಬ್ಬರ ಕಿವಿಗೊಬ್ಬರು ಹೇಳುವುದು ವಾಡಿಕೆ. ನೀಲಾವತಿ ಪುರೋಹಿತರಿಗೂ ಕೇಳುವ ಹಾಗೆ ಹೇಳಿದಳು.

"ಅಣ್ಣ, ನಾನು ಮುಟ್ಟಾಗಿದ್ದೇನೆ."

ಮಂತ್ರ ನಿಂತಿತು. ಲೋಕನಾಥನ ಮುಖ ಅರಿಶಿನವಾಯಿತು.

"ಮಾತ್ರೆ ತಿಂದಿಲ್ವಾ?" ಬಾಯಿಗೆ ಬಂದದ್ದನ್ನು ಹೇಳಿ, ಹೇಳಿದ್ದು ಎಲ್ಲರಿಗೂ ಕೇಳಿತೆಂದು ತಿಳಿದು ಅವನು ಇನ್ನಷ್ಟು ಹಳದಿಯಾದ.

"ಇಲ್ಲ. ಡಾಕ್ಟ್ರು ಬೇಡ ಅಂದಿದ್ದಾರೆ."

ಅವಳು ಸುಮ್ಮನೆ ಕಾಲು ಬದಲಿಸಿ ನಿಂತಳು ಅಷ್ಟೆ. ಕೂತಿದ್ದ ದೊಡ್ಡ ಮನುಷ್ಯರೆಲ್ಲ ಪಂಚೆ ಮೇಲೆತ್ತಿಕೊಂಡು ಗೋಡೆಗೆ ಸರಿದರು.

"ಅಯ್ಯೋ, ಇನ್ನೂ ಎಂತ ನಿಂತಿದ್ದೀ ಮಾರಾಯ್ತಿ! ಹೋಗು, ವೇಣೂರಿಗೆ ಚಿಕ್ಕಮ್ಮನ ಮನೆಗೆ ಹೋಗು. ಕಾರು ಬೇಡ! ಕಾರಿನಲ್ಲಿ ದೈವಕ್ಕೆ ಹೂ ತರ್ಲಿಕ್ಕೆ ಉಂಟು. ಯಾರಾದ್ರೂ ಆ ಅಸ್ಕರ್‌ನ ರಿಕ್ಷಾ ಕರೀರಿ!"

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಸಾತ್ವಿಕಾಳ ಧ್ವನಿ ಬಂತು.

"ಮಾವ, ನನಗೂ ಆಗಿದೆ."

ಮಗಳದು ಹೋದ ವಾರವಷ್ಟೇ ಮುಗಿದದ್ದು ನೀಲಾವತಿಗೆ ಗೊತ್ತಿತ್ತು. ಲೋಕನಾಥನಿಗೆ ಗೊತ್ತಿರುವ ಮಾರ್ಗವೇ ಇರಲಿಲ್ಲ. ಅವನು ಎರಡೂ ಕೈಯಿಂದ ಗೇಟು ತೋರಿಸಿದ. ಇಷ್ಟು ವರ್ಷದಲ್ಲಿ ಈ ಮನೆಯಿಂದ ಯಾವ ಹೆಂಗಸನ್ನೂ ಇಷ್ಟು ಬೇಗ ಆಸ್ಪತ್ರೆಗೆ ಕಳುಹಿಸಿದ್ದಿಲ್ಲ.

ಗೇಟಿನಾಚೆ ರಿಕ್ಷಾ ತಿರುಗಿಸುತ್ತ ಅಸ್ಕರ್ ಕೇಳಿದ, "ವೇಣೂರಿಗಲ್ವಾ ಅಕ್ಕ?"

"ಅಲ್ಲ, ಮೂಡುಬಿದಿರೆ ಆಸ್ಪತ್ರೆಗೆ."

"ಧಣಿಗಳು ವೇಣೂರು ಅಂತ ಹೇಳಿದ್ರಲ್ಲ?"

"ಧಣಿಗಳಿಗೆ ವೇಣೂರಿಗೆ ಹೋಗ್ಬೇಕಾದ್ರೆ ಸಂಜೆ ಬಂದು ಕರ್ಕೊಂಡು ಹೋಗು," ಎಂದಳು ಸಾತ್ವಿಕಾ. ಅಸ್ಕರ್ ರಿಕ್ಷಾವನ್ನು ಮೂಡುಬಿದಿರೆ ಕಡೆಗೆ ಬಿಟ್ಟ.

ಆಸ್ಪತ್ರೆಯಲ್ಲಿ ಸಿಸ್ಟರ್ ನೀಲಾವತಿಯನ್ನು ಮೇಲೆ ಕೆಳಗೆ ನೋಡಿದಳು. "ನೀವು ಬರುವುದಿಲ್ಲ ಅಂತ ಫೋನ್ ಬಂದಿತ್ತಲ್ಲ?"

"ಅದು ನಾನು ಮಾಡಿದ್ದಲ್ಲ."

"ನಿಮ್ಮ ಜಾಗ ಬೇರೆಯವರಿಗೆ ಕೊಟ್ಟಾಗಿದೆ. ಎಲ್ಲರದ್ದೂ ಮುಗಿದ ಮೇಲೆ ನೋಡುವ. ಎಂತಾದ್ರೂ ತಿಂದಿದ್ದೀರಾ?"

"ಇಲ್ಲ, ನೀರೂ ಕುಡಿದಿಲ್ಲ. ಮನೆಯಲ್ಲಿ ನೇಮ, ಉಪವಾಸ."

ತಾಯಿ ಮಗಳು ಬೆಂಚಿನ ಮೇಲೆ ಕಾದರು. ಒಳಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದರು. ನೀಲಾವತಿಗೆ ಹೆದರಿಕೆ ಈಗ ಶುರುವಾಯಿತು. ಅಲ್ಲಿಯವರೆಗೆ ಬಂದು ಮುಟ್ಟುವುದೇ ದೊಡ್ಡ ಕೆಲಸವಾಗಿತ್ತು. ಬಂದ ಮೇಲೆ, ಒಳಗೆ ಇರುವುದು ಏನು ಎನ್ನುವುದು ದೊಡ್ಡದಾಗಿ ಎದುರು ಕೂತಿತ್ತು. ಅವಳು ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಲೋಕನಾಥನ ಫೋನ್ ಬಂತು.

"ಎಲ್ಲಿ ಸತ್ತಿದ್ದೀರಿ? ವೇಣೂರಿಗೆ ಬರ್ಲೇ ಇಲ್ಲ ಅಂತೆ!"

"ಆಸ್ಪತ್ರೆಯಲ್ಲಿದ್ದೇನೆ ಅಣ್ಣ. ಡಾಕ್ಟ್ರು ಹೇಳಿದ ಗುರುವಾರ ಇವತ್ತೇ ಅಲ್ವಾ?"

ಅವನ ಹಿಂದೆ ವಾದ್ಯ ಕೇಳುತ್ತಿತ್ತು. "ನನ್ನ ಮರ್ಯಾದೆ ತೆಗೀಲಿಕ್ಕೆ ಹೊರಟಿದ್ದೀಯಾ? ಈಗಲೇ ಎದ್ದು ಹೊರಡು. ಇಲ್ಲದಿದ್ರೆ ನಾನೇ ಬರ್ತೇನೆ."

"ಬನ್ನಿ," ಎಂದಳು ನೀಲಾವತಿ. "ನಾನಾಗಿ ಏಳುವುದಿಲ್ಲ. ಕೈ ಹಿಡಿದು ಎಳ್ಕೊಂಡು ಹೋಗ್ಬೇಕಾಗ್ತದೆ."

ಮುಟ್ಟಾದವಳ ಕೈ ಹಿಡಿದ ಯಜಮಾನ ಇವತ್ತು ದೈವದ ಎದುರು ನಿಲ್ಲುವ ಹಾಗಿಲ್ಲ ಎನ್ನುವುದನ್ನು ಅವನಿಗೆ ಅವಳು ಹೇಳಿಕೊಡಬೇಕಾಗಿರಲಿಲ್ಲ. ಈ ಸಲ ಅವನ ಧ್ವನಿ ಸಣ್ಣದಾಗಿ ಬಂತು.

"ಬೆಳ್ಳಿಯ ಹರಿವಾಣ ಎಲ್ಲಿಟ್ಟಿದ್ದೀ?"

"ಹುಡುಕಿ," ಎಂದು ಅವಳು ಫೋನನ್ನು ಮಗಳ ಕೈಗೆ ಕೊಟ್ಟಳು.

ಸಿಸ್ಟರ್ ಬಾಗಿಲು ತೆರೆದು ಅವಳ ಹೆಸರು ಕರೆದಳು. ಒಳಗೆ ತಣ್ಣಗಿತ್ತು. ಹಸಿರು ಬಟ್ಟೆಯ ಮೇಲೆ ಮಲಗಿದ ನೀಲಾವತಿಯ ಪಕ್ಕ ಸ್ಟೂಲು ಎಳೆದು ಕೂತ ಸಿಸ್ಟರ್, ಅವಳ ಎಡಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ನರ ಕಾಣುವವರೆಗೆ ಮೆಲ್ಲಗೆ ತಟ್ಟುತ್ತ ಕೂತಳು.