ಜುಟ್ಟಿನ ಕಾಯಿ

ಬಾಲರಾಜು ಕಾಯಿಯ ಜುಟ್ಟಿಗೆ ಕೈ ಹಾಕಿ ಇನ್ನೇನು ತಿರುಚಬೇಕು, ಹುಚ್ಚಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು.

“ಬುಡ್ಲಾ ಅದನ್ನ. ನನ್ನ ಕಾಯಿ ಅದು. ಜುಟ್ಟು ಇರ್ಲಿ.”

“ಹೆಣದ ಮುಂದೆ ಒಡೆಯೋ ಕಾಯಿಗೆ ಜುಟ್ಟು ಇರಬಾರದು ಅಂತ ನೀನೇ ಅಲ್ವೇನಜ್ಜಿ ನಮಗೆಲ್ಲ ಹೇಳ್ಕೊಟ್ಟೋಳು?”

“ಹೇಳ್ಕೊಟ್ಟೋಳೂ ನಾನೇ, ಇವತ್ತು ಬ್ಯಾಡ ಅನ್ನೋಳೂ ನಾನೇ. ಆಚೆ ಚಟ್ಟಕ್ಕೆ ಬಿದಿರು ಸಾಲ್ದು ಅಂತಾವ್ರೆ, ಹೋಗಿ ನೋಡು.”

ಜಗಲಿಯ ಮೇಲೆ ರಂಗಕ್ಕನನ್ನು ಮಲಗಿಸಿದ್ದರು. ಬಾಲರಾಜು ಅವಳ ತಮ್ಮನ ಮಗ. ಮಕ್ಕಳಿಲ್ಲದ ಅವಳ ಕಾರ್ಯಕ್ಕೆ ಮುಂದೆ ನಿಂತವನು ಅವನೇ. ಊರಿಗೆ ಮಾತ್ರ ಅವಳು ರಂಗಕ್ಕ ಅಲ್ಲ, ನರ್ಸಮ್ಮ. ದಬ್ಬೇಘಟ್ಟದ ರಸ್ತೆಗೆ ಮುಖ ಮಾಡಿದ ಆ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಕೂತು, ಊರಿನ ಅರ್ಧ ಜನದ ತೋಳಿಗೆ, ಉಳಿದರ್ಧದ ಸೊಂಟಕ್ಕೆ ಸೂಜಿ ಚುಚ್ಚಿದವಳು. ಕೆಲಸದಿಂದ ಬಿಡುಗಡೆಯಾದ ಮೇಲೂ ಬೆಳಿಗ್ಗೆ ಎದ್ದು ಆಸ್ಪತ್ರೆಯ ಕಡೆಗೇ ನಡೆದುಬಿಡುತ್ತಿದ್ದಳು. ನಿನ್ನೆ ಸಂಜೆ ಎದೆ ಹಿಡಿದ ಹಾಗಾಗುತ್ತದೆ ಎಂದಿದ್ದಳು. ಬೆಳಗಾಗುವಷ್ಟರಲ್ಲಿ ಇರಲಿಲ್ಲ.

ಮಣ್ಣಿಗೆ ಬಂದವರು ಅಂಗಳ ತುಂಬಿ ಬೀದಿಯಲ್ಲೂ ನಿಂತಿದ್ದರು. ಅರಳಗುಪ್ಪೆಯ ಕಡೆಯಿಂದ, ಕೆಂಕೆರೆಯ ಕಡೆಯಿಂದ, ತಿಪಟೂರಿನಿಂದಲೂ ಬಂದಿದ್ದರು. ಅವರಲ್ಲಿ ಎಷ್ಟೋ ಮುಖಗಳು ಬಾಲರಾಜುವಿಗೆ ಗೊತ್ತಿರಲಿಲ್ಲ.

“ಇವರೆಲ್ಲ ಯಾರಜ್ಜಿ? ನಮ್ಮ ಅತ್ತೆಗೆ ಇಷ್ಟೊಂದು ನೆಂಟರಿದ್ರಾ?”

“ನೆಂಟರೇ ಕಣಪ್ಪ,” ಎಂದಳು ಹುಚ್ಚಕ್ಕ. “ಹಿಂಬಾಗಿಲ ನೆಂಟರು.”

ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಶಾಂತಕುಮಾರಿಗೆ ಆ ಮಾತು ಕೇಳಿಸಿತು. ಅವಳು ಸೆರಗನ್ನು ಹೊಟ್ಟೆಯ ಮೇಲೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಸೆರಗಿನೊಳಗೆ ಒಂದು ಕಾಯಿ ಇತ್ತು. ಅದಕ್ಕೂ ಜುಟ್ಟಿತ್ತು. ಪಕ್ಕದಲ್ಲೇ ಅವಳ ಅತ್ತೆ ತಿಮ್ಮಕ್ಕ ನಿಂತಿದ್ದಳು. ಗಂಡ ತೀರಿಹೋದ ಮೇಲೆ ಶಾಂತಕುಮಾರಿಗೆ ಇದ್ದದ್ದು ಆ ಅತ್ತೆ ಮತ್ತು ಅತ್ತೆಯ ಮನೆ, ಅಷ್ಟೆ. ಈ ಕಾಯಿಯನ್ನು ಜುಟ್ಟಿನ ಸಮೇತ ಹೊರಗೆ ತೆಗೆದರೆ ಆ ಮನೆ ಉಳಿಯುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

* * *

ಕೊರೋನಾ ಬಂದ ಕಾಲ. ಐಸು ತುಂಬಿದ ನೀಲಿ ಪೆಟ್ಟಿಗೆಯಲ್ಲಿ ಲಸಿಕೆ ಇಟ್ಟುಕೊಂಡು ಸರ್ಕಾರದ ಜೀಪು ಊರಿಗೆ ಬರಲು ಶುರುವಾಗಿತ್ತು. ಜೀಪಿನ ಜೊತೆಗೇ ಮೇಲಿನಿಂದ ಮಾತೂ ಬಂತು: ಇನ್ನು ಲಸಿಕೆ ಒಂದೇ ಕೆಲಸ, ಹಿಂದಿನ ಕೋಣೆ ಮುಚ್ಚಿ.

ಹಿಂದಿನ ಕೋಣೆ ಎಂದರೆ ಯಾರೂ ಬಾಯಿಬಿಟ್ಟು ಹೇಳದ ಕಾಯಿಲೆಗಳ ಕೋಣೆ. ಬಿಳುಪು ಹೋಗುವ ಹೆಂಗಸರು, ಉರಿಮೂತ್ರದ ಗಂಡಸರು, ಈಗಲೇ ಮಗು ಬೇಡ ಎನ್ನುವ ಹೊಸ ಸೊಸೆಯರು ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದಲೇ ಹೋಗುವ ಜಾಗ. ಶಾಂತಕುಮಾರಿಯ ಗಂಡ ಕೊಬ್ಬರಿ ಲಾರಿ ಹೊಡೆದುಕೊಂಡು ಉತ್ತರದ ಊರುಗಳಿಗೆ ಹೋಗಿಬರುತ್ತಿದ್ದವನು. ಸಾಯುವಾಗ ಹೆಂಡತಿಗೆ ಎಚ್‌ಐವಿ ಬಿಟ್ಟು ಹೋದ. ಅದಕ್ಕೆ ದಿನಾ ಒಂದು ಮಾತ್ರೆ ನುಂಗಬೇಕು, ಒಂದು ದಿನವೂ ತಪ್ಪುವಂತಿಲ್ಲ. ಮಾತ್ರೆ ಸಿಗುವುದು ಪೇಟೆಯ ದೊಡ್ಡಾಸ್ಪತ್ರೆಯಲ್ಲಿ. ಬಸ್ಸು ನಿಂತುಹೋಗಿತ್ತು.

“ಮಾತ್ರೆ ಮುಗೀತಾ ಬಂತು ನರ್ಸಮ್ಮ,” ಎಂದು ಅವಳು ಅಳುತ್ತಾ ನಿಂತಾಗ ರಂಗಕ್ಕ ಕೇಳಿದ್ದಳು:

“ಲಸಿಕೆ ಹಾಕಿಸ್ಕೊಂಡ್ಯಾ?”

“ಹೂಂ.”

“ತಲೆ ಸುತ್ತುತ್ತಾ?”

“ಇಲ್ಲ ನರ್ಸಮ್ಮ.”

“ಸುತ್ತುತ್ತೆ ಅನ್ನೇ ಪೆದ್ದಿ. ಸೂಜಿ ಆದ ಮೇಲೆ ಕೂರಿಸ್ಕೊಂಡು ನೋಡ್ಬೇಕು, ತಲೆ ಸುತ್ತಿದ್ರೆ ಒಳಗೆ ಮಲಗಿಸ್ಬೇಕು ಅಂತ ಸರ್ಕಾರವೇ ಹೇಳೈತೆ. ಮಲಗಿಸೋಕೆ ನನ್ನ ಹತ್ರ ಇನ್ಯಾವ ಕೋಣೆ ಐತೆ? ಹಿಂದ್ಲದೇ.”

ಹೀಗೆ ಸರ್ಕಾರದ ಒಂದು ಮಾತಿನ ನೆರಳಲ್ಲಿ, ಅದೇ ಸರ್ಕಾರ ಮುಚ್ಚಿ ಎಂದ ಕೋಣೆಯನ್ನು ನಡೆಸಿದಳು. ಲಸಿಕೆ ತರುವ ಜೀಪಿನಲ್ಲೇ ಪೇಟೆಯ ಮಾತ್ರೆಯೂ ಬರುವ ಹಾಗೆ ಡ್ರೈವರನನ್ನು ಒಪ್ಪಿಸಿದಳು. ನೂರು ಕಿವಿ ಇರುವ ಲಸಿಕೆಯ ಸಾಲಿನಲ್ಲಿ ಯಾರಿಗೆ ಏನು ಬೇಕು ಎಂದು ಕೇಳುವಂತಿರಲಿಲ್ಲ. ಅದಕ್ಕೂ ದಾರಿ ಹುಡುಕಿದಳು. ನರ್ಸಮ್ಮನ ಸಾರಿಗೆ ಇರಲಿ ಎಂದು ಒಂದು ಕಾಯಿ ತಂದುಕೊಡುವುದು ಊರಿನ ಅಭ್ಯಾಸ. ಅಡುಗೆಯ ಕಾಯಿಯನ್ನು ಬೋಳಾಗಿ ಸುಲಿದು ತರುತ್ತಾರೆ. ಜುಟ್ಟು ಬಿಡುವುದು ದೇವರ ಕಾಯಿಗೆ ಮಾತ್ರ. ಹಿಂದಿನ ಕೋಣೆ ಬೇಕಾದವರು ಜುಟ್ಟಿನ ಕಾಯಿ ತನ್ನಿ ಎಂದಳು. ತಂದವರನ್ನು ನೋಡಿ, “ಅಯ್ಯೋ, ನಿನಗೆ ತಲೆ ಸುತ್ತುತ್ತೆ ಕಣವ್ವ, ಬಾ ಒಳಗೆ,” ಎನ್ನುತ್ತಿದ್ದಳು.

ಶಾಂತಕುಮಾರಿಯ ಮನೆಯಲ್ಲಿ ಕಾಯಿ ಸುಲಿಯುವವಳು ತಿಮ್ಮಕ್ಕ. ಜುಟ್ಟು ಉಳಿಯದ ಹಾಗೆ ಕಿತ್ತೆಸೆಯುವ ಕೈ ಅದು. ಆದರೂ ಮಾತ್ರೆ ಮುಗಿಯುವ ಹೊತ್ತಿಗೆ ಅಟ್ಟದ ಏಣಿಯ ಕೆಳಗೆ ಜುಟ್ಟಿನ ಕಾಯಿಯೊಂದು ಇದ್ದೇ ಇರುತ್ತಿತ್ತು. ಅತ್ತೆ ದೇವರಿಗೆಂದು ಇಟ್ಟದ್ದನ್ನು ಕದಿಯುತ್ತಿದ್ದೇನೆ ಎಂದು ಹೆದರುತ್ತಲೇ ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು.

* * *

“ಇನ್ನು ಎತ್ತೋಣ, ಹೊತ್ತಾಯ್ತು,” ಎಂದರು ಊರಿನ ಹಿರಿಯರಾದ ಶಂಭುಲಿಂಗಯ್ಯನವರು. “ಬೇವಿನ ಮರದ ಹತ್ರ ಇಳಿಸಿ, ಕಾಯಿ ಒಡೆದು, ತಲೆ ದಿಕ್ಕು ತಿರುಗಿಸಿ ಮುಂದಕ್ಕೆ ಹೋಗೋಣ.”

“ಬೇವಿನ ಮರದ ಹತ್ರ ಬೇಡ ಅಂತ ಅತ್ತೆ ಹೇಳಿತ್ತು,” ಎಂದ ಬಾಲರಾಜು. “ಆಸ್ಪತ್ರೆ ಮುಂಬಾಗಿಲಲ್ಲಿ ಇಳಿಸ್ಬೇಕಂತೆ.”

“ಆಸ್ಪತ್ರೆ ಮುಂದೆ ಹೆಣ ಇಳಿಸ್ತಾರೇನೋ? ರೋಗಿಗಳು ಬೆಚ್ಚಿಬೀಳಲ್ವಾ?”

“ಅವಳನ್ನ ಕಂಡು ಬೆಚ್ಚೋ ರೋಗಿ ಈ ಸೀಮೇಲಿ ಯಾರವ್ರೆ ತೋರಿಸಿ,” ಎಂದಳು ಹುಚ್ಚಕ್ಕ. “ಅವತ್ತು ಬೆಚ್ಚಿದ್ದು ಒಬ್ಬ ಆಫೀಸರು ಮಾತ್ರ.”

ಸುತ್ತ ನಿಂತವರು ಸಾವಿನ ಮನೆ ಎಂಬುದನ್ನೂ ಮರೆತು ನಕ್ಕರು. ಆ ಕತೆ ಎಲ್ಲರಿಗೂ ಗೊತ್ತಿತ್ತು.

* * *

ತಾಲ್ಲೂಕಿನಲ್ಲಿ ಬೇರೆಲ್ಲೂ ಇಲ್ಲದ ತಲೆಸುತ್ತು ಈ ಒಂದೇ ಊರಿನಲ್ಲಿ ಯಾಕೆ ಎಂದು ನೋಡಲು ಆ ಆಫೀಸರು ಬಂದಿದ್ದ. ಕೈಯಲ್ಲಿ ಹೊಸ ಬೀಗ ಇತ್ತು. ಅವತ್ತೇ ಹುಚ್ಚಕ್ಕ ದೇವಸ್ಥಾನಕ್ಕೆಂದು ಜುಟ್ಟಿನ ಕಾಯಿ ಹಿಡಿದು ಹೊರಟವಳು, ದಾರಿಯಲ್ಲಿ ಲಸಿಕೆಯೂ ಆಗಿಹೋಗಲಿ ಎಂದು ಸಾಲಿಗೆ ನಿಂತಿದ್ದಳು. ರಂಗಕ್ಕ ಮುದುಕಿಯ ಮುಖ ನೋಡಿದಳು, ಕಾಯಿ ನೋಡಿದಳು, ಏನೂ ಕೇಳದೆ ಸೂಜಿ ಹಾಕಿ ಒಳಗೆ ಕಳಿಸಿದಳು. ಕೇಳುವುದು ಅವಳ ಪದ್ಧತಿಯಲ್ಲ.

ಒಳಗೆ ಪರದೆಯ ಆಚೆ ಶಾಂತಕುಮಾರಿ ಮಾತ್ರೆಯ ಡಬ್ಬಿ ಹಿಡಿದು ನಿಂತಿದ್ದಳು. ಹುಚ್ಚಕ್ಕ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿದಳು, ಬುಟ್ಟಿಯಲ್ಲಿದ್ದ ನಿರೋಧ್ ನೋಡಿದಳು, ಪರದೆಯ ಕೆಳಗೆ ಹಿಂದೆ ಸರಿಯುತ್ತಿದ್ದ ಕಾಲುಗಳನ್ನು ನೋಡಿದಳು. ತಾನು ಎಲ್ಲಿಗೆ ಬಂದಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಬಾಗಿಲು ತೆರೆದು ಆಫೀಸರು ಒಳಬಂದ.

“ಮುಚ್ಚಿ ಅಂದ ಕೋಣೆ ನಡೀತಾನೇ ಇದೆ. ಯಾರ್ರೀ ಇಲ್ಲಿ ಪೇಷೆಂಟು? ಪರದೆ ಹಿಂದೆ ಯಾರಿದ್ದಾರೆ?”

“ಪರದೇಲಿ ಏನೈತೆ? ಪೇಷೆಂಟು ನಾನು ಕಣಪ್ಪ.”

“ನೀವಾ? ಅಜ್ಜಿ, ಇದು ಯಾವುದರ ಕೋಣೆ ಗೊತ್ತಾ?”

“ಗೊತ್ತಿದ್ದೇ ಬಂದಿವ್ನಿ. ಯಾಕೆ, ನನಗೆ ಬರಬಾರದಾ ಆ ಕಾಯಿಲೆ? ನಾನೇನು ಮರದ ಗೊಂಬೇನಾ?”

ಕಿಟಕಿಯ ಹೊರಗೆ ಸಾಲಿನಲ್ಲಿದ್ದವರು ಮೊದಲು ನಕ್ಕರು. ಆಮೇಲೆ ಆಫೀಸರ ಕೈಯ ಬೀಗ ಕಂಡು ನಗು ನಿಂತಿತು. ರಂಗಕ್ಕ ಲಸಿಕೆಯ ಮೇಜಿನಿಂದ ಎದ್ದು ಬಂದು ಹೇಳಿದಳು:

“ಬೀಗ ಹಾಕಿ ಸಾರ್. ಆದರೆ ಇವರ ಕಾಯಿಲೆ ಕೊರೋನಾ ಮುಗಿಯೋವರೆಗೆ ಕಾಯ್ಕೊಂಡಿರಲ್ಲ. ಅದನ್ನೂ ಮೇಲಿನೋರಿಗೆ ನೀವೇ ಹೇಳಿ.”

ಸಾಲಿನಲ್ಲಿದ್ದ ಒಬ್ಬಳು ಸೆರಗು ಕೊಡವಿ, “ಆ ಕೋಣೆಗೆ ಬೀಗ ಹಾಕೋದಾದ್ರೆ ನಮಗೆ ಈ ಸೂಜೀನೂ ಬ್ಯಾಡ, ಬರ್ರೇ,” ಎಂದು ಹೊರಟಳು. ಅವಳ ಹಿಂದೆ ಇನ್ನೊಬ್ಬಳು. ನೋಡುತ್ತಿದ್ದಂತೆ ಸಾಲು ಕರಗತೊಡಗಿತು. ಊರಿಗೆ ಊರೇ ಲಸಿಕೆ ಬಿಟ್ಟು ಎದ್ದುಹೋದರೆ ಮೇಲಿನವರು ಕೇಳುವುದು ಯಾರನ್ನು ಎಂಬುದು ಆಫೀಸರಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬೆವರು ಒರೆಸಿಕೊಂಡು, “ಕರೀರಿ, ಕರೀರಿ ಅವರನ್ನ,” ಎಂದ. ಕೋಣೆ ನಡೆಯಲಿ ಎಂದು ಆಮೇಲೆ ಮೇಲಿನಿಂದಲೇ ಮಾತು ಬಂತು. ಬರೆಸಿದವನು ಅವನೇ ಎಂದು ಜೀಪಿನ ಡ್ರೈವರು ಹೇಳಿದ.

ಗಡಿಬಿಡಿಯಲ್ಲಿ ಅವನು ಬೀಗವನ್ನು ಮೇಜಿನ ಮೇಲೆ ಮರೆತುಹೋಗಿದ್ದ. ತೆರೆದಿಟ್ಟ ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ರಂಗಕ್ಕ ಅದನ್ನೇ ಬಾಗಿಲ ಬುಡಕ್ಕೆ ಒತ್ತಿಟ್ಟಳು.

ಜುಟ್ಟಿನ ಕಾಯಿಯ ಗುಟ್ಟನ್ನು ಹುಚ್ಚಕ್ಕ ಊರಿಗೆಲ್ಲ ಸಾರಿದಳು. ಪರದೆಯ ಕೆಳಗಿನ ಕಾಲುಗಳ ಸುದ್ದಿ ಮಾತ್ರ ಎತ್ತಲಿಲ್ಲ. ಕೋಣೆ ಉಳಿಯಿತು, ಜನ ಮಾತ್ರ ಹಿಂಬಾಗಿಲು ಬಿಡಲಿಲ್ಲ. ಒಮ್ಮೆ ರಂಗಕ್ಕ ಶಾಂತಕುಮಾರಿಗೆ ಹೇಳಿದ್ದಳು: “ನಾನು ಸತ್ತಾಗಾದ್ರೂ ಒಂದ್ಸಲ ಮುಂಬಾಗಿಲಿಂದ ಬಾರೇ.”

* * *

ಆಸ್ಪತ್ರೆಯ ಮುಂದೆ ಚಟ್ಟ ಇಳಿಯಿತು. ತಮಟೆ ನಿಂತಿತು. ಶಂಭುಲಿಂಗಯ್ಯನವರು ಕೈಯಲ್ಲೊಂದು ಬೋಳು ಕಾಯಿ ಹಿಡಿದು, “ಒಡೆಯೋರು ತನ್ನಿ,” ಎಂದರು.

ಹುಚ್ಚಕ್ಕ ಕೋಲೂರಿಕೊಂಡು ಬಂದು ಜುಟ್ಟಿನ ಕಾಯಿಯನ್ನು ಮೆಟ್ಟಿಲ ಮೇಲಿಟ್ಟಳು.

“ಜುಟ್ಟು ಕಿತ್ತು ಕೊಡವ್ವ.”

“ಕೀಳಾಕಿಲ್ಲ. ಒಡೆಯಾಕೂ ಅಲ್ಲ. ಇದು ನರ್ಸಮ್ಮನ ಸಾರಿಗೆ.”

“ಅಜ್ಜಿದು ಇದ್ದಿದ್ದೇ ಬುಡ್ರಿ,” ಎಂದು ಯಾರೋ ನಕ್ಕರು.

ಆಗ ಶಾಂತಕುಮಾರಿ ಗುಂಪಿನಿಂದ ಈಚೆ ಬಂದಳು. ಚಟ್ಟದ ಪಕ್ಕ ನಿಂತು ರಂಗಕ್ಕನ ಮುಖ ನೋಡಿದಳು. ಸೆರಗು ಸರಿಸಿ, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಹುಚ್ಚಕ್ಕನ ಕಾಯಿಯ ಪಕ್ಕದಲ್ಲಿಟ್ಟಳು. ಜುಟ್ಟು ಮೇಲಕ್ಕೆ ಮುಖ ಮಾಡಿ ನಿಂತಿತು.

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ತಿಮ್ಮಕ್ಕನ ಕಡೆಗೆ ತಿರುಗಿತು.

ತಿಮ್ಮಕ್ಕ ನಿಧಾನವಾಗಿ ಬಂದಳು. ಸೊಸೆ ತಲೆ ತಗ್ಗಿಸಿ, “ಅತ್ತೆ, ನಾನು...” ಎಂದಳು.

“ಗೊತ್ತು ಸುಮ್ಕಿರು.” ತಿಮ್ಮಕ್ಕ ಬಗ್ಗಿ, ವಾಲಿದ್ದ ಕಾಯಿಯನ್ನು ನೆಟ್ಟಗೆ ಮಾಡಿದಳು. “ಏಣಿ ಕೆಳಗೆ ಇದು ತಾನಾಗೇ ಬೆಳೀತಿತ್ತು ಅಂದ್ಕೊಂಡಿದ್ಯಾ? ಮಾತ್ರೆ ಡಬ್ಬಿ ಬರಿದಾಗ್ತಾ ಬಂದಾಗೆಲ್ಲ ಜುಟ್ಟು ಬುಟ್ಟು ಸುಲೀತಿದ್ದೋಳು ಯಾರು? ನೀನು ಹೇಳ್ತೀಯ ಅಂತ ಇಷ್ಟು ದಿವ್ಸ ಕಾದೆ ಕಣೇ.”

ಶಾಂತಕುಮಾರಿ ಬಾಯಿಗೆ ಸೆರಗು ಒತ್ತಿಕೊಂಡಳು. ತಿಮ್ಮಕ್ಕ ಅವಳ ತೋಳು ಹಿಡಿದು, ಗುಂಪಿನ ಹಿಂದಕ್ಕಲ್ಲ, ಚಟ್ಟದ ಮುಂದಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದಳು.

ಆಮೇಲೆ ಕೊಬ್ಬರಿ ಒಡೆಯುವ ಕೆಲಸದವನೊಬ್ಬ ಚೀಲದಿಂದ ಜುಟ್ಟಿನ ಕಾಯಿ ತೆಗೆದಿಟ್ಟ. ತಿಪಟೂರಿನಿಂದ ಬಂದ ಬುರ್ಖಾದ ಹೆಂಗಸೊಬ್ಬಳು ಕಾಯಿ ಇಟ್ಟು ಕಣ್ಣೊರೆಸಿಕೊಂಡಳು. ಹೋದ ವರ್ಷ ಮದುವೆಯಾಗಿ ಬಂದ ಸೊಸೆ ಗಂಡನ ಎದುರೇ ಇಟ್ಟಳು. ಯಾರೂ ಯಾರಿಗೂ ಹೇಳಿಕೊಂಡು ಬಂದಿರಲಿಲ್ಲ. ಮೆಟ್ಟಿಲು ತುಂಬಿ ಕಾಯಿಗಳು ನೆಲಕ್ಕಿಳಿದವು.

ಶಂಭುಲಿಂಗಯ್ಯನವರು ತಮ್ಮ ಕೈಯ ಬೋಳು ಕಾಯಿಯನ್ನು ಒಮ್ಮೆ ನೋಡಿಕೊಂಡರು. ಅದನ್ನು ಒಡೆಯದೆ ಆ ಜುಟ್ಟುಗಳ ನಡುವೆ ಮೆಲ್ಲಗೆ ಇಟ್ಟರು. ಆಮೇಲೆ ತಿರುಗಿ ದನಿ ಎತ್ತಿದರು:

“ತಮಟೆ ಯಾಕ್ರೋ ನಿಲ್ಲಿಸಿದ್ರಿ? ಹೊಡೀರೋ, ಜೋರಾಗಿ ಹೊಡೀರಿ!”

ರಂಗಕ್ಕನ ತಲೆ ದಿಕ್ಕು ತಿರುಗಿಸಿ ಚಟ್ಟ ಎತ್ತಿದರು. ಅತ್ತೆ ಸೊಸೆ ಇಬ್ಬರೂ ಮುಂದೆ ನಡೆದರು. ತಮಟೆಯ ಸದ್ದು ತೆಂಗಿನ ಸಾಲು ದಾಟಿ ದೂರವಾಗುತ್ತಿದ್ದಂತೆ, ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನರ್ಸು ಹಿಂದಿನ ಕೋಣೆಯಿಂದ ಆ ಹಳೆಯ ಬೀಗ ತಂದು ತೆರೆದ ಮುಂಬಾಗಿಲ ಬುಡಕ್ಕೆ ಒತ್ತಿಟ್ಟಳು. ಗಾಳಿ ಬೀಸಿತು. ಬಾಗಿಲು ಅಲುಗಲಿಲ್ಲ, ಮೆಟ್ಟಿಲ ತುಂಬ ಜುಟ್ಟುಗಳು ಅಲುಗಿದವು.