ಎಮಿಲ್ ಕುಡರ್ನಾ ಓಡಿದ ಶನಿವಾರ

೧೯೭೪ರ ನವೆಂಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರೂವರೆ ಗಂಟೆಗೆ, ನೆಬ್ರಾಸ್ಕಾ ರಾಜ್ಯ ತಾನಿದ್ದ ಜಾಗದಿಂದ ಹದಿನೇಳು ಅಂಗುಲ ಪಶ್ಚಿಮಕ್ಕೆ ಸರಿಯಿತು. ಸರಿಸಿದವನು ಎಮಿಲ್ ಕುಡರ್ನಾ. ಹೈಸ್ಕೂಲು ಹುಡುಗರ ಅಮೆರಿಕನ್ ಫುಟ್‌ಬಾಲ್ ಫೈನಲ್ಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅವನು ಪೂರ್ವಕ್ಕೆ ಓಡಿದ. ಅವನ ಹಿಮ್ಮಡಿಯ ಒದೆತಕ್ಕೆ ನೆಲ ಹಿಂದಕ್ಕೆ ಹೋಯಿತು. ಅಳೆದವನು ನಾನು. ನಂಬದವರು ವಾಸ್‌ಬರ್ಗಿಗೆ ಬಂದು ನಮ್ಮ ನೀರಿನ ಟ್ಯಾಂಕನ್ನು ನೋಡಿಕೊಂಡು ಹೋಗಲಿ. ಇವತ್ತಿಗೂ ಪೂರ್ವಕ್ಕೆ ವಾಲಿಕೊಂಡು ನಿಂತಿದೆ. ಬುಡ ನೆಲದ ಜೊತೆ ಹೋಯಿತು, ತಲೆ ಹಿಂದೆ ಉಳಿಯಿತು.

ನಾನು ಈ ಊರಿಗೆ ಬಂದದ್ದು ಎಂಬತ್ಮೂರರಲ್ಲಿ, ಮೆಕ್ಕೆಜೋಳದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸಕ್ಕೆ. ತಕ್ಕಡಿಯ ಮುಂದೆ ಒಂದು ದಿನವೂ ಸುಳ್ಳು ಹೇಳಿದವನಲ್ಲ. ಅದಕ್ಕೇ ನನ್ನ ಪಾಲಿನ ಸುಳ್ಳೆಲ್ಲ ಖರ್ಚಾಗದೆ ತಿಂಡಿಯ ಹೊತ್ತಿಗೆ ಉಳಿದುಬಿಡುತ್ತದೆ ಎಂದು ಹೋಟೆಲಿನ ಆರ್ಲಿಸ್ ಹೇಳುತ್ತಾಳೆ. ಹೇಳಲಿ. ನಲವತ್ತೊಂದು ವರ್ಷದಿಂದ ಆ ಶನಿವಾರದ ಕಥೆಯನ್ನು ಈ ಊರಿಗೆ ಹೇಳುತ್ತಿರುವವನು ನಾನೊಬ್ಬನೇ. ಆಡಿದವರಲ್ಲಿ ಒಂಬತ್ತು ಜನ ಇನ್ನೂ ಬದುಕಿದ್ದಾರೆ. ಒಂಬತ್ತು ಜನರೂ ಸೇರಿ ಎರಡು ವಾಕ್ಯ ಜೋಡಿಸಲಾರರು. ಗೆದ್ದಿರಲ್ಲ, ಹೇಗೆ ಗೆದ್ದಿರಿ ಎಂದು ಕೇಳಿದರೆ, ‘ಓಡಿದ್ವಿ’ ಎನ್ನುತ್ತಾರೆ. ಇಂಥವರ ಕೈಗೆ ಚರಿತ್ರೆ ಕೊಟ್ಟರೆ ಅದು ಅಲ್ಲೇ ತೂಕಡಿಸಿ ಸಾಯುತ್ತದೆ.

ಈ ಹೇಮಂತಕ್ಕೆ ಆ ಗೆಲುವಿಗೆ ಐವತ್ತು ವರ್ಷ ತುಂಬಿತು. ಹೈಸ್ಕೂಲಿನ ಮೈದಾನದ ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸುವುದೆಂದು ಊರಿನವರು ತೀರ್ಮಾನಿಸಿದರು. ಬರೆಯುವವನು ಯಾರು? ನಾನೇ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಣ್ಣಾರೆ ಕಂಡು ಬರೆದವನು ಲಾನಿ ಎಕ್‌ಬ್ಲಾಡ್’ ಎಂದು ಇರತಕ್ಕದ್ದು. ಆ ಸಾಲಿಗಾಗಿ ನಾನು ಬಲಗೈಯನ್ನೇ ಕೊಟ್ಟೇನು. ವಾಸ್‌ಬರ್ಗಿನಲ್ಲಿ ಎಷ್ಟು ವರ್ಷ ಬಾಳಿದರೂ ಇಲ್ಲಿ ಹುಟ್ಟದವನು ನೆಂಟನೇ. ಹಿತ್ತಾಳೆಯ ಮೇಲೆ ಹೆಸರು ಕೊರೆದರೆ ಮಾತ್ರ ಅವನು ಊರಿನವನು. ಸೋಮವಾರ ಕೊರೆಯುವವನಿಗೆ ಕೊಡಬೇಕಿತ್ತು.

ಗುರುವಾರ ಬೆಳಿಗ್ಗೆ ಕಾಗದ ಹಿಡಿದು ಹೋಟೆಲಿಗೆ ಹೋದೆ. ಟೋಪಿ ತೆಗೆದು ಎಡಮಂಡಿಗೆ ಎರಡು ಸಲ ಬಡಿದು ಕೂತೆ.

‘ಬಂದ ನೋಡು ಸ್ವೀಡ್,’ ಎಂದಳು ಆರ್ಲಿಸ್. ‘ಆ ಟೋಪೀಲಿ ಧೂಳಿರೋದು ನಾನಂತೂ ಕಂಡಿಲ್ಲ, ಬಡಿಯೋದ್ ಮಾತ್ರ ಬಿಡಲ್ಲ.’ ಒಂದು ಕಾಲಕ್ಕೆ ನನ್ನ ಕೂದಲು ಸ್ವೀಡನ್ನಿನವರ ಹಾಗೆ, ಮೆಕ್ಕೆಜೋಳದ ತೆನೆಯ ರೇಷ್ಮೆಯಷ್ಟು ಬೆಳ್ಳಗಿತ್ತು. ಅದರಿಂದ ಬಂದ ಹೆಸರು ಅದು. ಕೂದಲು ಹೋಯಿತು, ಹೆಸರು ಉಳಿಯಿತು.

ಮೂಲೆಯ ಮೇಜಿನಲ್ಲಿ ಎಮಿಲ್ ಕುಡರ್ನಾ ಕೂತಿದ್ದ. ಅರವತ್ತೆಂಟು ವರ್ಷ. ಈಗಲೂ ಬಾಗಿಲಲ್ಲಿ ಅಡ್ಡಡ್ಡಲಾಗಿ ನುಗ್ಗಬೇಕಾದ ಆಳು. ಚಿಲಿ ಎನ್ನುವ ಖಾರದ ಮಾಂಸದ ಸಾರಿನ ಬಟ್ಟಲಿಗೆ ದಾಲ್ಚಿನ್ನಿಯ ಸಿಹಿ ರೋಲನ್ನು ಅದ್ದಿ ಅದ್ದಿ ತಿನ್ನುತ್ತಿದ್ದ.

ಓದಿದೆ. ಹದಿನೇಳು ಅಂಗುಲ ಬಂತು.

‘ಹೋದ್ ವರ್ಷ ಹದಿನಾಲ್ಕು ಅಂದಿದ್ದೆಯಲ್ಲೋ?’

‘ನೆಲ ಇನ್ನೂ ಜಾರ್ತಾನೇ ಇದೆ ಆರ್ಲಿಸ್. ನಾನೇನು ಮಾಡ್ಲಿ?’

ಆಮೇಲೆ ಲೇಕ್‌ಮಂಟಿನವರ ಸರದಿ. ಆ ಊರಿನ ಹೆಸರಲ್ಲೇ ಕೆರೆಯೂ ಇದೆ, ಬೆಟ್ಟವೂ ಇದೆ. ಊರಲ್ಲಿ ಎರಡೂ ಇಲ್ಲ. ಇರುವುದು ದಂತವೈದ್ಯರು ಮತ್ತು ಅವರ ಮಕ್ಕಳು. ಫೈನಲ್ ಆಡಲು ಮೂರು ಬಸ್ಸು ತಂದಿದ್ದರು: ಒಂದು ಆಟಗಾರರಿಗೆ, ಒಂದು ಬ್ಯಾಂಡಿನವರಿಗೆ, ಮೂರನೆಯದು ಅವರ ತಲೆಗೂದಲಿಗೆ. ಚೆಂಡು ಎಸೆಯುವವನು ಕರ್ಟಿಸ್ ವೇನ್‌ರೈಟ್. ಕೈ ಬೆಚ್ಚಗಿರಲೆಂದು ಅವನ ತಾಯಿ ತುಪ್ಪಳದ ಚೀಲ ಹೊಲಿದು ಸೊಂಟಕ್ಕೆ ಕಟ್ಟಿದ್ದಳು. ಚೆಂಡನ್ನು ಎದೆಗವುಚಿ ಎದುರಿಗೆ ನಿಂತವನ ಮೇಲೆ ಹಾಯುವುದು ಗಂಡಸರ ಆಟ. ಮದುಮಗಳು ಹೂಗುಚ್ಛ ಎಸೆದ ಹಾಗೆ ಮೇಲಕ್ಕೆ ಎಸೆದು, ಯಾರಾದರೂ ಹಿಡಿದಾರು ಎಂದು ಬಾಯಿಬಿಟ್ಟು ನೋಡುವುದು ಲೇಕ್‌ಮಂಟಿನವರ ಆಟ. ಅವತ್ತಿನ ಬಿರುಗಾಳಿಗೆ ವೇನ್‌ರೈಟ್ ಎಸೆದ ಒಂದು ಚೆಂಡು ತಿರುಗಿ ಅವನ ಮೂಗಿಗೇ ಬಡಿಯಿತು. ಇನ್ನೊಂದು ಕೆಳಗಿಳಿಯಲೇ ಇಲ್ಲ, ಪಕ್ಕದ ಕಾನ್ಸಸ್ ರಾಜ್ಯ ದಾಟಿರಬೇಕು.

ನಮ್ಮ ತರಬೇತುದಾರ ವರ್ಲ್ ಹೋಗ್ಲಂಡ್ ಇಡೀ ಆಟವನ್ನು ಒಂದು ಬೀಜದ ಚೀಲದ ಬೆನ್ನಿನ ಮೇಲೆ ಬರೆದಿಟ್ಟಿದ್ದ: ಎಮಿಲ್ ಬಲಕ್ಕೆ, ಎಮಿಲ್ ಎಡಕ್ಕೆ, ಎಮಿಲ್ ನಡುವೆ. ಚೀಲದಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಅದನ್ನು ಮಡಚಿ ಅದರ ಮೇಲೆ ಕೂತ. ಎಮಿಲ್ ಒಂದು ನೂರ ಮೂವತ್ತು ಸಲ ಓಡಿದ. ಮೈದಾನದಲ್ಲಿ ನೇಗಿಲು ಹೊಡೆದಂಥ ಸಾಲು ಬಿತ್ತು.

‘ಕೊನೇಲಿ ಅವರು ಹದಿಮೂರು, ನಾವು ಎಂಟು,’ ಎಂದೆ. ‘ಉಳಿದಿದ್ದು ಒಂದೇ ನಿಮಿಷ. ಎಮಿಲ್ ನಡುವೆ ನುಗ್ಗಿದ. ಹತ್ತು ಜನರನ್ನ ಹುಲ್ಲಿನ ಹೊರೆ ಥರ ಎತ್ತಿ ಆಚೆ ಹಾಕ್ದ. ಮುಂದೆ ಉಳಿದವನು ಒಬ್ಬನೇ. ಇಪ್ಪತ್ತೆರಡನೇ ನಂಬರು.’

ಎಲ್ಲರನ್ನೂ ದಾಟಿ ಬಂದವನನ್ನು ಕಟ್ಟಕಡೆಗೆ ಹಿಡಿದು ಕೆಡವಬೇಕಾದ ಕಾವಲುಗಾರ ಈ ಇಪ್ಪತ್ತೆರಡು. ಲೇಕ್‌ಮಂಟಿನ ನಾಜೂಕೆಲ್ಲ ಒಟ್ಟುಗೂಡಿ ಒಂದು ಮೈಯಾಗಿ ಬಂದಿತ್ತು. ತೊಡೆಗೆ ಕೆಸರು ಮೆತ್ತಿಕೊಂಡಿದ್ದ, ಬಿದ್ದು ಅಲ್ಲ, ಅಂಗೈಯಿಂದ ಸವರಿ. ಪ್ರತಿ ಗುಂಪಿನ ಮೇಲೆ ಎಲ್ಲರೂ ಬಿದ್ದಾದ ಮೇಲೆ ನಿಧಾನವಾಗಿ ಬಂದು, ಮೇಲೆ ಕೂತು, ತಾನೇ ಕೆಡವಿದವನ ಹಾಗೆ ಎದ್ದು ಹೋಗುತ್ತಿದ್ದ ಹೇತ್ಲಾಂಡಿ.

‘ಎಮಿಲ್ ಅವನ ಮೇಲೆ ರೈಲಿನ ಹಾಗೆ ಹಾದ. ಹುಡುಗ ಹನ್ನೊಂದಡಿ ಮೇಲಕ್ಕೆ ಹಾರಿ ಬಿದ್ದ. ಶಿರಸ್ತ್ರಾಣ ಹೋಗಿ ಬ್ಯಾಂಡಿನವರ ದೊಡ್ಡ ಕಹಳೆ ಒಳಗೆ ಕೂತ್ಕೊಂಡ್ತು. ಮೂಳೆ ಮುರಿದ ಸದ್ದು ನಾನೇ ಕೇಳ್ದೆ. ಅಲ್ಲೇ ಇದ್ದೆ, ಮೈದಾನದ ಗೆರೆ ಹತ್ರ, ಮೂರಡಿ ದೂರ. ನಮ್ಮ ಮಾವನ ಮನೆಗೆ ಬಂದಿದ್ದೋನು ಆಟ ನೋಡೋಕೆ ಹೋಗಿದ್ದೆ.’

ಎಮಿಲ್ ಚಮಚ ಕೆಳಗಿಟ್ಟ. ‘ನಾಯಿ ನೋಡ್ಬೇಕು,’ ಎಂದು ಎದ್ದು ಹೊರಟ. ಕಥೆ ಇಪ್ಪತ್ತೆರಡರ ಹತ್ತಿರ ಬಂದಾಗಲೆಲ್ಲ ಅವನಿಗೆ ನಾಯಿ ನೆನಪಾಗುತ್ತದೆ. ಅರ್ಧ ರೋಲು ತಟ್ಟೆಯಲ್ಲೇ ಉಳಿಯಿತು. ದೈತ್ಯರಿಗೆ ಹೊಗಳಿಕೆ ತಡೆಯಲಾಗುವುದಿಲ್ಲ ಎಂದುಕೊಂಡೆ.

‘ಅಲ್ಲಾ ಸ್ವೀಡ್,’ ಎಂದಳು ಆರ್ಲಿಸ್, ತಟ್ಟೆ ಎತ್ತುತ್ತಾ, ‘ರೈಲು ಹತ್ತಿಸ್ಕೊಂಡ ಹುಡುಗನ್ನ ಇಷ್ಟು ಬೈತೀಯಲ್ಲ, ಪಾಪ, ಅವನು ನಿಂಗೇನು ಮಾಡ್ದ?’

‘ಅಂಥವರನ್ನ ಕಂಡ್ರೆ ನಂಗಾಗಲ್ಲ.’

ಅಷ್ಟರಲ್ಲಿ ಜನೆಲ್ ಬಂದಳು. ತರಬೇತುದಾರ ಹೋಗ್ಲಂಡನ ಮಗಳು. ತಂದೆಯ ದವಡೆಯೂ ಅವಳದೇ, ತಂದೆಯ ದನಿಯೂ ಅವಳದೇ. ಕೈಯಲ್ಲಿ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿ.

‘ಅಪ್ಪನ ನೆಲಮಾಳಿಗೇಲಿ ಸಿಕ್ತು. ಎಪ್ಪತ್ನಾಲ್ಕರ ಫೈನಲ್ಲು. ಪೂರ್ತಿ ಫಿಲ್ಮು. ಶನಿವಾರ ಸ್ಕೂಲ್ ಜಿಮ್ಮಲ್ಲಿ ಹಾಕ್ತೀನಿ, ಎಲ್ಲರೂ ಬನ್ನಿ.’

ನನ್ನ ಕಾಫಿ ಆರಿತು.

‘ಹಳೇ ಸುರುಳಿ ಜನೆಲ್, ಬೆಂಕಿ ಹತ್ಕೊಳ್ಳತ್ತೆ,’ ಎಂದೆ. ‘ನಂಗೆ ಕೊಡು. ಗೋದಾಮಲ್ಲಿ ತಂಪಾಗಿ ಇಟ್ಟಿರ್ತೀನಿ.’

‘ನಿನ್ನ ಕೈಗೆ ಕೊಟ್ರೆ ಎಮಿಲ್ ಅದರಲ್ಲಿ ಹಾರೋಕೆ ಶುರು ಮಾಡ್ತಾನೆ,’ ಎಂದು ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೇಹೋದಳು. ಆ ಮನೆತನವೇ ಹಾಗೆ, ಏನನ್ನೂ ಎಸೆಯುವುದಿಲ್ಲ.

ಶನಿವಾರ ಎರಡು ಗಂಟೆಗೆ ಜಿಮ್ಮಿನಲ್ಲಿ ನಾಲ್ಕು ಸಾವಿರ ಜನ. ಸರಿ, ನಾನೂರು. ದೊಡ್ಡ ಪಾತ್ರೆಗಳಲ್ಲಿ ಚಿಲಿ, ಪಕ್ಕದಲ್ಲಿ ರೋಲುಗಳ ಗುಡ್ಡ. ನನ್ನನ್ನು ಮುಂದಿನ ಸಾಲಿನಲ್ಲಿ, ಎಮಿಲನ ಪಕ್ಕದಲ್ಲೇ ಕೂರಿಸಿದರು, ನಡುನಡುವೆ ವಿವರಿಸಬೇಕಲ್ಲ. ಹೊಟ್ಟೆನೋವು ಎಂದೆ. ಆರ್ಲಿಸ್ ಸೋಡಾ ತಂದುಕೊಟ್ಟಳು.

ದೀಪ ಆರಿತು. ಶಬ್ದವಿಲ್ಲದ ಚಿತ್ರ, ಪತ್ರಕರ್ತರ ಕೊಠಡಿಯ ಮಾಡಿನಿಂದ ತೆಗೆದದ್ದು. ಮೊದಲು ಕಂಡದ್ದು ಮೈದಾನದ ಬಾವುಟ. ಒದ್ದೆ ಟವೆಲಿನ ಹಾಗೆ ಕಂಬಕ್ಕೆ ಜೋತುಬಿದ್ದಿತ್ತು. ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ.

‘ಸ್ವೀಡ್, ಆ ಬಿರುಗಾಳಿ ಯಾವಾಗ ಬರತ್ತೋ?’ ಎಂದರು ಹಿಂದಿನಿಂದ ಯಾರೋ.

ವೇನ್‌ರೈಟ್ ಚೆಂಡೆಸೆದ. ಹಾಳಾದವನು, ಚೆನ್ನಾಗಿಯೇ ಎಸೆದ. ಲೇಕ್‌ಮಂಟಿನವರು ಎರಡು ಬಸ್ಸಿನಲ್ಲಿ ಬಂದಿದ್ದರು. ಎಮಿಲ್ ರೈಲಿನ ಹಾಗೆ ಓಡಲಿಲ್ಲ. ಮೇವಿನ ಗಾಡಿಯ ಹಾಗೆ ಓಡಿದ. ಮೂರು ಗಜ ಹೋಗುವುದು, ಬೀಳುವುದು, ಏಳುವುದು, ಮತ್ತೆ ಮೂರು ಗಜ. ನೂರ ಮೂವತ್ತು ಸಲ ಅಲ್ಲ, ನಲವತ್ತೊಂದು ಸಲ. ಆದರೆ ಅವನು ಪ್ರತಿ ಸಲ ಎದ್ದ. ನಲವತ್ತೊಂದೂ ಸಲ ಅದೇ ಭುಜ ಮುಂದೆ ಮಾಡಿದ. ಲೇಕ್‌ಮಂಟಿನ ಹುಡುಗರು ಏಳುವುದು ಮಾತ್ರ ನಿಧಾನವಾಗುತ್ತಾ ಬಂತು. ಅದನ್ನು ನೋಡುವುದು ನನ್ನ ಕಥೆಗಿಂತ ಕಷ್ಟವಾಗಿತ್ತು.

ಕೊನೆಯ ನಿಮಿಷ ಬಂತು. ಎಮಿಲ್ ನಡುವೆ ನುಗ್ಗಿದ. ಅವನು ಕುಂಟುತ್ತಿದ್ದ. ಎಡಗಾಲನ್ನು ಊರಲೇ ಆಗುತ್ತಿರಲಿಲ್ಲ. ಮುಂದೆ ಇಪ್ಪತ್ತೆರಡು ಒಬ್ಬನೇ. ಅಜ್ಜಿ ಕೈಚೀಲದಿಂದ ತಳ್ಳಿದ್ದರೂ ಎಮಿಲ್ ಉರುಳುತ್ತಿದ್ದ. ನಾಲ್ಕು ಗಜ ಅಂತರವಿದ್ದಾಗಲೇ ಇಪ್ಪತ್ತೆರಡು ಮಂಡಿ ಮಡಚಿ, ಹಾಸಿಗೆಗೆ ಹೋಗುವವನ ಹಾಗೆ ಪಕ್ಕಕ್ಕೆ ಒರಗಿ ಮಲಗಿದ. ಎಮಿಲ್ ಅವನನ್ನು ತುಳಿಯದ ಹಾಗೆ ಒಂಟಿಗಾಲಲ್ಲಿ ಹಾರಿ ದಾಟಿ, ಕೊನೆಯ ಗೆರೆ ಮುಟ್ಟಿದ, ಅದಕ್ಕೆ ಆರು ಅಂಕ. ಹದಿನಾಲ್ಕು–ಹದಿಮೂರು.



ಜನೆಲ್ ತಂದೆಯ ಪದ್ಧತಿಯನ್ನೇ ಹಿಡಿದಳು. ತರಬೇತುದಾರ ತಪ್ಪು ಕಂಡಲ್ಲಿ ಸುರುಳಿಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸುತ್ತಿದ್ದನಂತೆ. ಇಪ್ಪತ್ತೆರಡು ಎದ್ದ, ಮಲಗಿದ. ಎದ್ದ, ಮಲಗಿದ. ಏಳು ಸಲ. ಮೂರನೆಯ ಸಲಕ್ಕೆ ಜನ ನಕ್ಕರು, ಐದನೆಯದಕ್ಕೆ ಹೊಟ್ಟೆ ಹಿಡಿದುಕೊಂಡರು.

‘ಮಗೂಗೆ ಜೋಗುಳ ಹಾಡ್ರೋ!’

‘ಕಂಬಳಿ ಹೊದಿಸ್ರೋ ಯಾರಾದ್ರೂ!’

ಎಮಿಲ್ ನಗಲಿಲ್ಲ. ಮುಂದಕ್ಕೆ ಬಾಗಿ ನೋಡುತ್ತಿದ್ದ.

‘ಮುಂದೆ ಬಿಡು ಜನೆಲ್,’ ಎಂದ.

ಪರದೆಯ ಮೇಲಿನ ಎಮಿಲ್ ಕುಂಟುತ್ತಾ ವಾಪಸು ಬಂದು ಇಪ್ಪತ್ತೆರಡಕ್ಕೆ ಕೈ ಕೊಟ್ಟು ಎಬ್ಬಿಸಿದ. ಏನೋ ಕೇಳಿದ. ಹುಡುಗ ತಲೆಯಾಡಿಸಿದ, ಶಿರಸ್ತ್ರಾಣ ತೆಗೆದ. ಮೆಕ್ಕೆಜೋಳದ ರೇಷ್ಮೆಯಷ್ಟು ಬಿಳಿಯ ಕೂದಲು ಹೊರಗೆ ಬಿತ್ತು. ಶಿರಸ್ತ್ರಾಣವನ್ನು ಎಡಮಂಡಿಗೆ ಎರಡು ಸಲ ಬಡಿದ.

ನನ್ನ ಮಂಡಿಯ ಮೇಲೆ ಪಟ್ ಎಂದಿತು. ನನ್ನ ಟೋಪಿ. ಎರಡನೆಯದನ್ನು ತಡೆಯಲು ಹೋದೆ, ಆಗಲಿಲ್ಲ.

ಆರ್ಲಿಸ್ ತಿರುಗಿದಳು. ‘ಸ್ವೀಡ್. ಅವತ್ತು ಎಲ್ಲಿ ನಿಂತಿದ್ದೆ ಅಂದೆ?’

‘ಗೆರೆ ಹತ್ರ.’

‘ಗೆರೆಯ ಯಾವ ಕಡೆ?’

ಬಾಯಿಯಲ್ಲಿ ಮೂರು ಸುಳ್ಳು ಸಿದ್ಧವಾಗಿದ್ದವು. ಮೂರೂ ಒಳ್ಳೆಯವೇ. ಆದರೆ ಎಮಿಲ್ ನನ್ನ ಕಡೆ ತಿರುಗಿ ಕೂತಿದ್ದ.

‘ನಿನ್ನ ಕೇಳಿದ್ದೆ ನಾನು, ಪೆಟ್ಟಾಯ್ತಾ ಅಂತ,’ ಎಂದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ‘ಹೌದು ಅಂದೆ. ಮುಟ್ಟಿದ್ದು ನಂಗೆ ನೆನಪಿರ್ಲಿಲ್ಲ. ಆದ್ರೆ ನೀನು ಹೌದು ಅಂದೆಯಲ್ಲ. ಆಮೇಲೆ ನೀನೇ ಬಂದು ಮೂಳೆ ಮುರೀತು, ಸದ್ದು ಕೇಳ್ದೆ ಅಂತ ಹೇಳ್ತಾ ಇದ್ದೆ. ಆ ಹುಡುಗ ಏನಾದ್ನೋ ಅಂತ ಐವತ್ತು ವರ್ಷ ಕೊರಗಿದ್ದೀನಿ ಸ್ವೀಡ್. ಪೆಟ್ಟಾಗಿತ್ತಾ?’

ಎಮಿಲನನ್ನು ರೈಲು ಮಾಡಿದ್ದು ಎಮಿಲನಿಗಾಗಿ ಅಲ್ಲ. ರೈಲಿನ ಮುಂದೆ ಮಲಗಿದವನನ್ನು ಯಾರೂ ಹೇಡಿ ಎನ್ನುವುದಿಲ್ಲ, ಅದಕ್ಕೆ. ಅವತ್ತು ಮೊದಲ ಅರ್ಧದಲ್ಲಿ ಒಂದೇ ಒಂದು ಸಲ ಅವನನ್ನು ಎದುರಿಸಿ ಹಿಡಿದಿದ್ದೆ. ಎರಡನೆಯ ಸಲಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಲೇಕ್‌ಮಂಟಿನಲ್ಲಿ ಆಮೇಲೆ ಯಾರ ಮುಖವನ್ನೂ ನೋಡಲಾಗದೆ ಊರೂರು ಅಲೆದು, ಕೊನೆಗೆ ಗೆದ್ದವರ ಊರಿಗೇ ಬಂದು ಗೆದ್ದವರ ಜೊತೆ ಕೂತುಬಿಟ್ಟಿದ್ದೆ.

‘ಇಲ್ಲ ಎಮಿಲ್,’ ಎಂದೆ. ‘ಎಲ್ಲೂ ಪೆಟ್ಟಾಗಿರ್ಲಿಲ್ಲ. ನೀನು ನನ್ನ ಮುಟ್ಟಲೇ ಇಲ್ಲ. ಹೆದರಿ ಮಲಗಿಬಿಟ್ಟೆ.’

ಅವನು ರೋಲನ್ನು ಚಿಲಿಗೆ ಅದ್ದಿ, ಕೊನೆಯ ಚೂರಿನವರೆಗೂ ತಿಂದ.

ಜೇಬಿನಲ್ಲಿದ್ದ ಕಾಗದವನ್ನು ತೆಗೆದು ಜನೆಲ್‌ಗೆ ಕೊಟ್ಟೆ. ಕೆಳಗಿನ ಸಾಲನ್ನು ನಾನೇ ಹೊಡೆದುಹಾಕಿದೆ. ಮೇಲಿನದನ್ನೂ ಹೊಡೆಯಬೇಕಿತ್ತು: ನೆಬ್ರಾಸ್ಕಾ ಇದ್ದಲ್ಲೇ ಇದೆ. ಆ ನೀರಿನ ಟ್ಯಾಂಕನ್ನು ಕಟ್ಟಿದವರೇ ವಾಲಿಸಿ ಕಟ್ಟಿದ್ದು.